ಹುಳುಮನೆಗೆ ಹೋದ ಉತ್ತರಪತ್ರಿಕೆಗಳು

ನಮ್ಮ ಮನೆಯಲ್ಲಿ ನೆಮ್ಮದಿಯಾಗಿ ಕೂರಲು ಜಾಗವಿದ್ದದ್ದು ರೇಷ್ಮೆ ಹುಳುಗಳಿಗೆ ಮಾತ್ರ. ಅಜ್ಜಿ, ಅಪ್ಪ, ಅಮ್ಮ, ನಾನು ಎಂಬ ನಾಲ್ಕು ಜನ ಮನುಷ್ಯರು ಅವುಗಳ ಮಧ್ಯೆ ಎಲ್ಲಿ ಸಂದಿ ಸಿಕ್ಕಿತೋ ಅಲ್ಲಿ ಬದುಕುತ್ತಿದ್ದೆವು. ಸಾದಲಿಯಿಂದ ಒಂದು ಗಂಟೆ ನಡೆದರೆ ಸಿಗುತ್ತಿದ್ದ ಊರು ನಮ್ಮದು. ಒಂದು ಕೋಣೆ, ನಡುಮನೆ, ಅಡುಗೆಮನೆ, ಮುಂದೊಂದು ಜಗಲಿ, ಅಷ್ಟೇ ಮನೆ. ಹುಳು ಸಣ್ಣದಿದ್ದಾಗ ಕೋಣೆಯೊಳಗೆ ನಾಲ್ಕು ಬಿದಿರಿನ ತಟ್ಟೆಗಳಲ್ಲಿ ಮುದುರಿಕೊಂಡಿರುತ್ತಿದ್ದವು. ದಿನ ಕಳೆದ ಹಾಗೆ ತಟ್ಟೆಗಳು ನಡುಮನೆಗೆ ಬರುತ್ತಿದ್ದವು, ನಾವು ಅಡುಗೆಮನೆಗೆ ಸರಿಯುತ್ತಿದ್ದೆವು. ಕಡೆಯ ವಾರದಲ್ಲಿ ಮುದ್ದೆ ಉಣ್ಣಲು ಒಬ್ಬರು ಹೊಸ್ತಿಲ ಈಚೆ, ಒಬ್ಬರು ಆಚೆ. ನಾನು ಹೋಂವರ್ಕ್ ಮಾಡಲು ಕೂತ ಕಡೆಯಿಂದೆಲ್ಲ ಯಾರೋ ಒಬ್ಬರು ಎಬ್ಬಿಸುತ್ತಿದ್ದರು. ಇವತ್ತಿಗೂ ನನಗೆ ಒಂದೇ ಕುರ್ಚಿಯಲ್ಲಿ ಅರ್ಧ ಗಂಟೆ ಕೂರಲು ಆಗುವುದಿಲ್ಲ. ಸ್ಟಾಫ್ ರೂಮಿನಲ್ಲಿ ಸಹೋದ್ಯೋಗಿಗಳು ನಗುತ್ತಾರೆ, ನಗಲಿ.

ಅಮ್ಮ ಊರಿನ ಸರ್ಕಾರಿ ಶಾಲೆಯಲ್ಲಿ ಗಣಿತ ಹೇಳಿಕೊಡುತ್ತಿದ್ದಳು. ಅಪ್ಪ ಹಿಪ್ಪುನೇರಳೆ ತೋಟ, ಹುಳು ನೋಡಿಕೊಳ್ಳುತ್ತಿದ್ದ. ಇಬ್ಬರ ಮೇಲೂ ಅಜ್ಜಿಯ ಯಜಮಾನಿಕೆ. ಹುಳಕ್ಕೆ ವಾಸನೆ ಆಗದು ಎಂದು ಅಜ್ಜಿ ಊದುಬತ್ತಿ ಹಚ್ಚಲು ಬಿಡುತ್ತಿರಲಿಲ್ಲ, ಒಗ್ಗರಣೆಗೆ ಒಣಮೆಣಸಿನಕಾಯಿ ಹಾಕಲು ಬಿಡುತ್ತಿರಲಿಲ್ಲ. ಅಮ್ಮ ಮುಖಕ್ಕೆ ಪೌಡರ್ ಹಾಕಿಕೊಳ್ಳುವುದಂತೂ ದೊಡ್ಡ ಜಗಳದ ವಿಷಯ. ಹಾಗಾಗಿ ಅಮ್ಮನ ಪೌಡರ್ ಡಬ್ಬ ಶಾಲೆಯ ಬೀರುವಿನಲ್ಲಿ ಚಾಕ್‌ಪೀಸಿನ ಪೆಟ್ಟಿಗೆಯ ಹಿಂದೆ ಇರುತ್ತಿತ್ತು. ಮನೆಯಿಂದ ಹೊರಟ ಅಮ್ಮನೇ ಬೇರೆ, ಬೆಲ್ಲು ಹೊಡೆದ ಮೇಲೆ ತರಗತಿಗೆ ಬರುತ್ತಿದ್ದ ಅಮ್ಮನೇ ಬೇರೆ. ಎರಡನೆಯವಳನ್ನು ನಾನು ‘ಮಿಸ್’ ಅನ್ನಬೇಕಿತ್ತು. ಒಂದು ಸಲ ಬಾಯಿ ತಪ್ಪಿ ‘ಅಮ್ಮ’ ಅಂದದ್ದಕ್ಕೆ ಇಡೀ ತರಗತಿ ನಕ್ಕಿತ್ತು. ಅಮ್ಮ ನಗಲಿಲ್ಲ, ಕೂತ್ಕೊ ಎಂದು ಕೈ ಮಾಡಿದಳು.

ಮನೆಗೂ ಶಾಲೆಗೂ ಇದ್ದ ಒಂದೇ ಒಂದು ಕೊಡುಕೊಳ್ಳುವಿಕೆ ಎಂದರೆ ಕಾಗದ. ತಟ್ಟೆಗೆ ಸೊಪ್ಪು ಹಾಕುವ ಮೊದಲು ಕೆಳಗೆ ಕಾಗದ ಹಾಸಬೇಕು, ಹಿಕ್ಕೆ ಬಿದ್ದು ಒದ್ದೆಯಾದ ಹಾಗೆ ಬದಲಾಯಿಸಬೇಕು. ನಮ್ಮೂರಿಗೆ ಪೇಪರ್ ಬರುತ್ತಿದ್ದದ್ದು ಎರಡು ಮನೆಗೆ, ಹುಳು ಇದ್ದದ್ದು ಎಲ್ಲರ ಮನೆಯಲ್ಲಿ. ವರ್ಷ ಮುಗಿದು ಇನ್ನು ಯಾರಿಗೂ ಬೇಡವಾದ ಹಳೆಯ ಉತ್ತರಪತ್ರಿಕೆಗಳನ್ನು ಅಮ್ಮ ಹುರಿಯಲ್ಲಿ ಕಟ್ಟಿ ಮನೆಗೆ ತರುತ್ತಿದ್ದಳು. ಅಜ್ಜಿ ಅವನ್ನು ಅಟ್ಟದ ಮೇಲಿಟ್ಟು ಒಂದೊಂದೇ ಕಟ್ಟು ಇಳಿಸಿ ಹಾಸುತ್ತಿದ್ದಳು. ಊರಿನ ಮಕ್ಕಳ ಲಸಾಅ, ಮಸಾಅ, ಭಿನ್ನರಾಶಿ ಎಲ್ಲ ನಮ್ಮ ಹುಳದ ಹೊಟ್ಟೆಯ ಕೆಳಗೆ ಮಲಗುತ್ತಿದ್ದವು. ಅಜ್ಜಿಗೆ ಓದು ಬರಹ ಇರಲಿಲ್ಲ. ಆದರೆ ದಪ್ಪ ಹಾಳೆ ಯಾವುದು, ತೆಳು ಯಾವುದು ಎಂದು ಮುಟ್ಟಿದರೆ ಗೊತ್ತಾಗುತ್ತಿತ್ತು.

ನಾನು ಏಳನೆಯ ತರಗತಿಯಲ್ಲಿದ್ದ ವರ್ಷ ಶಾಲೆಗೆ ಹೊಸದೊಂದು ಕಾಟ ಬಂತು. ತಿಂಗಳಿಗೊಂದು ಕಿರುಪರೀಕ್ಷೆ, ಇಪ್ಪತ್ತೈದು ಅಂಕಕ್ಕೆ. ತರಗತಿಯ ಸರಾಸರಿ ಹೋದ ತಿಂಗಳಿಗಿಂತ ಈ ತಿಂಗಳು ಎಷ್ಟು ಏರಿತು ಎಂದು ಸಾದಲಿಯ ಸಭೆಯಲ್ಲಿ ಸುತ್ತಲಿನ ಶಾಲೆಗಳ ಶಿಕ್ಷಕರೆಲ್ಲರ ಎದುರು ಓದಬೇಕು. ಅಮ್ಮ ಡ್ರಾಯಿಂಗ್ ಹಾಳೆಯ ಮೇಲೆ ಗೆರೆ ಎಳೆದು ಗೋಡೆಗೆ ಅಂಟಿಸಿದ್ದಳು. ನಮ್ಮ ಶಾಲೆಯ ಗೆರೆ ಎರಡು ತಿಂಗಳು ಹನ್ನೊಂದರಲ್ಲೇ ಬಿದ್ದುಕೊಂಡಿತ್ತು. ಎರಡನೆಯ ಸಲ ಸಭೆಯಿಂದ ಬಂದ ಅಮ್ಮ ಚಪ್ಪಲಿ ಬಿಡದೆ ಜಗಲಿಯ ಮೇಲೆ ಕೂತಳು.

“ನಿಮ್ಮ ಮಕ್ಕಳು ಅರ್ಧನಾದ್ರೂ ದಾಟ್ತಾರೇನಮ್ಮ, ಇಲ್ಲ ಹುಳ ಮೇಯಿಸ್ಕೊಂಡೇ ಇರ್ತಾರಾ ಅಂದ್ರು ಇನ್ಸ್‌ಪೆಕ್ಟ್ರು. ಎಲ್ರೂ ನಕ್ಬಿಟ್ರು.”

“ನಗ್ಲಿ ಬಿಡು. ನಗೋದಕ್ಕೇನು ಸುಂಕನಾ?” ಎಂದ ಅಪ್ಪ, ಕೈಯಲ್ಲಿ ಸೊಪ್ಪಿನ ಹೊರೆ ಹಿಡಿದುಕೊಂಡೇ.

“ನಿಮ್ಗೇನು ಗೊತ್ತು” ಎಂದು ಅಮ್ಮ ಎದ್ದು ಹೋದಳು. ನಾನು ಬಾಗಿಲ ಹಿಂದಿದ್ದೆ. ಅಮ್ಮನನ್ನು ನೋಡಿ ಜನ ನಗುತ್ತಾರೆ ಎಂಬುದು ನನಗೆ ಅವತ್ತೇ ಮೊದಲು ಗೊತ್ತಾದದ್ದು. ಅವತ್ತು ಎರಡನೆಯ ಮುದ್ದೆ ಬೇಡವೆಂದೆ. ಅರ್ಧ ಎಂದರೆ ಹನ್ನೆರಡೂವರೆ. ಆ ಹನ್ನೆರಡೂವರೆಯನ್ನು ಸ್ನಾನ ಮಾಡುವಾಗ, ಸೊಪ್ಪು ಹೆಚ್ಚುವಾಗ ಹೇಳಿಕೊಳ್ಳುತ್ತಿದ್ದೆ. ಹೇಳಿಕೊಂಡರೆ ಸಾಲದು, ಲೆಕ್ಕ ಕಲಿಯಬೇಕು ಎನ್ನುವ ಬುದ್ಧಿ ಮಾತ್ರ ಇರಲಿಲ್ಲ. ಟೀಚರ ಮಗಳಿಗೆ ಬಂದೇ ಬರುತ್ತದೆ ಎಂದು ಊರವರು ತಿಳಿದಿದ್ದರು, ನಾನೂ ಹಾಗೇ ತಿಳಿದಿದ್ದೆ.

ಮೂರನೆಯ ಕಿರುಪರೀಕ್ಷೆಯ ಪ್ರಶ್ನೆಪತ್ರಿಕೆ ಕೈಗೆ ಬಂದಾಗ ನನ್ನ ಬಣ್ಣ ಬಯಲಾಯಿತು. ಭಿನ್ನರಾಶಿಯ ಭಾಗಾಕಾರದಲ್ಲಿ ಯಾವುದನ್ನು ತಲೆಕೆಳಗು ಮಾಡಬೇಕು ಎಂಬುದೇ ಹೊಳೆಯಲಿಲ್ಲ. ಮೂರು ಲೆಕ್ಕ ಪೂರ್ತಿ ಬಿಟ್ಟೆ, ಉಳಿದವನ್ನು ಗೀಚಿದೆ. ಎಷ್ಟು ತಿರುಗಿಸಿ ಮುರುಗಿಸಿ ಕೂಡಿದರೂ ಏಳಕ್ಕಿಂತ ಹೆಚ್ಚು ಬರುವ ಹಾಗಿರಲಿಲ್ಲ. ಪಕ್ಕದ ಸಾಲಿನಲ್ಲಿ ಮುನಿಲಕ್ಷ್ಮಿ ನಾಲಿಗೆ ಕಚ್ಚಿಕೊಂಡು ಬರೆಯುತ್ತಿದ್ದಳು. ನಮ್ಮ ತೋಟದ ಪಕ್ಕದ ಮನೆಯವಳು, ನನ್ನ ಜೊತೆಗಾತಿ. ಲೆಕ್ಕದಲ್ಲಿ ನನಗಿಂತ ಹಿಂದೆ ಎಂದು ನಾನು ಧೈರ್ಯವಾಗಿದ್ದದ್ದು ಅವಳನ್ನು ನೋಡಿಕೊಂಡೇ. ಅಮ್ಮ ಹದಿನೆಂಟು ಮಕ್ಕಳ ಉತ್ತರಪತ್ರಿಕೆಗಳನ್ನೂ ಹುರಿಯಲ್ಲಿ ಕಟ್ಟಿ ಮನೆಗೆ ತಂದು ನಡುಮನೆಯ ಪೆಟ್ಟಿಗೆಯ ಮೇಲಿಟ್ಟಳು. ಮಾರನೆಯ ದಿನ ಶಾಲೆಯಿಂದ ಬಂದು ತಿದ್ದುವುದು, ಅದರ ಮಾರನೆಯ ದಿನ ಮಧ್ಯಾಹ್ನ ಸಾದಲಿಯ ಸಭೆ. ನನಗೆ ಉಳಿದದ್ದು ಒಂದು ದಿನ.

ಆ ದಿನ ಹುಳು ನಾಲ್ಕನೆಯ ಜ್ವರಕ್ಕೆ ಕೂರುವ ಹೊತ್ತು. ಜ್ವರವೆಂದರೆ ಕಾಯಿಲೆಯಲ್ಲ, ಹುಳು ಮೇಯುವುದು ಬಿಟ್ಟು ತಲೆಯೆತ್ತಿ ಅಲ್ಲಾಡದೆ ನಿಂತು ಹಳೆ ಪೊರೆ ಬಿಡುವ ಸಮಯ. ಕೂರುವ ಮೊದಲು ತಟ್ಟೆ ಚೊಕ್ಕಟ ಮಾಡಿ ಹೊಸ ಕಾಗದ ಹಾಸಿ ಸುಣ್ಣದ ಪುಡಿ ಉದುರಿಸಬೇಕು. ಕೂತ ಮೇಲೆ ಒಂದು ಹಗಲು ಒಂದು ರಾತ್ರಿ ತಟ್ಟೆಯನ್ನು ಮುಟ್ಟುವ ಹಾಗಿಲ್ಲ. ಅಮ್ಮ ಸಾಯಂಕಾಲ ಬಂದು ಕೈಕಾಲು ತೊಳೆದು, ಕೆಂಪು ಪೆನ್ನು ಹಿಡಿದು ಪೆಟ್ಟಿಗೆಯ ಹತ್ತಿರ ಹೋದಾಗ ಅಲ್ಲಿ ಹುರಿ ಮಾತ್ರ ಬಿದ್ದಿತ್ತು.

“ಅತ್ತೆ, ಇಲ್ಲಿದ್ದ ಕಟ್ಟು ಎಲ್ಲಿ?”

“ಹಾಸ್ದೆ ಕಣಮ್ಮ. ಅಟ್ಟದಲ್ಲಿರೋದು ಮುಗ್ದೋಗಿತ್ತು. ನೀನೇ ಇಳಿಸಿಟ್ಟಿದೀಯ ಅಂದ್ಕೊಂಡೆ.”

“ಅದು ಇನ್ನೂ ತಿದ್ದಿರ್ಲಿಲ್ಲ ಅತ್ತೆ!”

“ಅಯ್ಯೋ ದೇವುಡಾ! ನಂಗೇನು ಗೊತ್ತು ತಾಯಿ, ತಿದ್ದಿರೋದು ಯಾವ್ದು, ತಿದ್ದದೆ ಇರೋದು ಯಾವ್ದು ಅಂತ? ವರ್ಷಾನುಗಟ್ಲೆ ನೀನೇ ತಂದ್ಕೊಟ್ಟಿದ್ದಲ್ವಾ ಇದೇ ಕಾಗ್ದ?”

ಅಮ್ಮ ತಟ್ಟೆಗೆ ಕೈ ಹಾಕಲು ಹೋದಳು. ಅಪ್ಪ ಅಡ್ಡ ನಿಂತ. ಆತ ಅಮ್ಮನಿಗೆ ಅಡ್ಡ ನಿಂತದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ.

“ಜಯ, ಮುಟ್ಬೇಡ. ಜ್ವರಕ್ಕೆ ಕೂತವೆ. ಈಗ ಎಳುದ್ರೆ ಇಡೀ ಬೆಳೆ ಹೋಗುತ್ತೆ.”

“ನಂದು ಹೋದ್ರೆ ಪರವಾಗಿಲ್ವಾ?”

“ನಾಳೆ ಸಾಯಂಕಾಲ ಏಳ್ತವೆ, ಆಮೇಲೆ ತಗೊ. ಇಲ್ಲ, ಇನ್ನೊಂದ್ಸಲ ಪರೀಕ್ಷೆ ಇಟ್ಬಿಡು.”

“ಯಾವಾಗ ಇಡ್ಲಿ, ಯಾವಾಗ ತಿದ್ಲಿ? ನಾಳೆ ಎರಡು ಗಂಟೆಗೆ ನಾನು ಸಾದಲೀಲಿರ್ಬೇಕು!”

ಅಜ್ಜಿ ಮೆಲ್ಲಗೆ, ಸಮಾಧಾನ ಮಾಡುವ ದನಿಯಲ್ಲಿ ಹೇಳಿದಳು:

“ನಿನ್ ಹುಡುಗ್ರು ನಿಂಗೆ ಗೊತ್ತಿಲ್ವಾ? ಅಂದಾಜಿಗೆ ಹಾಕ್ಬಿಡಮ್ಮ.”

“ಅಂದಾಜಿಗೆ ಅಂಕ ಹಾಕೋ ಪೈಕಿ ಅಲ್ಲ ನಾನು!” ಎಂದು ಅಮ್ಮ ಕೂಗಿದಳು. ಹುಳು ಜ್ವರಕ್ಕೆ ಕೂತಾಗ ಮನೆಯಲ್ಲಿ ಯಾರೂ ದನಿ ಎತ್ತಬಾರದು ಎಂದು ಅಜ್ಜಿಯ ಕಟ್ಟಳೆ. ಅಂದು ಅಜ್ಜಿ ಎದ್ದು ಮುದ್ದೆಗೆ ಎಸರಿಡಲು ಹೋದಳು. ನಾಲ್ಕು ಜನವೂ ಬೇರೆ ಬೇರೆ ದಿಕ್ಕಿಗೆ ಮುಖ ಮಾಡಿ ಉಪ್ಸಾರು ಮುದ್ದೆ ಉಂಡೆವು. ನನಗೆ ಮಾತ್ರ ಒಳಗೊಳಗೇ ಖುಷಿ. ನನ್ನ ಏಳು ಅಂಕ ಹುಳದ ಕೆಳಗೆ ಸೇರಿತ್ತು. ಆ ಹೊಗೆ ಕವಿದ ಅಡುಗೆಮನೆಯಲ್ಲಿ ಅಮ್ಮ ಕಣ್ಣೊರೆಸಿಕೊಳ್ಳುವಾಗ ನಾನು ಖುಷಿಯಾಗಿದ್ದೆ ಎಂದು ಬರೆಯಲು ಕೈ ಹಿಂಜರಿಯುತ್ತದೆ, ಆದರೆ ಹಾಗಿದ್ದದ್ದು ನಿಜ.

ಬೆಳಿಗ್ಗೆ ಮೊದಲ ಪೀರಿಯಡ್‌ಗೆ ಬಂದ ಅಮ್ಮ ಆಗಲೇ ಏನೋ ತೀರ್ಮಾನ ಮಾಡಿದ್ದಳು. ಬೋರ್ಡಿನ ಮೇಲೆ ಪ್ರಶ್ನೆಪತ್ರಿಕೆಯ ಒಂದೊಂದು ಲೆಕ್ಕವನ್ನೂ ಬಿಡಿಸಿದಳು. ನಡೆದದ್ದನ್ನು ಮುಚ್ಚುಮರೆಯಿಲ್ಲದೆ ಹೇಳಿದಳು.

“ನಿಮ್ಮ ಪೇಪರ್ ನಮ್ಮನೆ ತಟ್ಟೆ ಕೆಳಗೆ ಹೋಗಿದೆ. ತಪ್ಪು ನಮ್ಮದು. ನೀವು ಬರೆದಿದ್ದು ನಿಮಗೆ ನೆನಪಿರುತ್ತೆ. ಬೋರ್ಡ್ ನೋಡ್ಕೊಂಡು ಎಷ್ಟು ಬರುತ್ತೋ ಲೆಕ್ಕ ಹಾಕಿ ನೀವೇ ಹೇಳಿ. ನಾನು ನಂಬ್ತೀನಿ.”

ಹೆಸರು ಕರೆಯುತ್ತ ಬಂದಳು. ಒಬ್ಬ ಇಪ್ಪತ್ತೈದು ಎಂದು ಹೇಳಿ ತಾನೇ ನಕ್ಕು, ಹದಿನಾಲ್ಕು ಮಿಸ್ ಎಂದ. ಒಬ್ಬಳು ಒಂದು ಅರ್ಧ ಅಂಕಕ್ಕಾಗಿ ಬೋರ್ಡಿನ ಹತ್ತಿರ ಹೋಗಿ ಗೆರೆಗೆರೆ ನೋಡಿ ಬಂದಳು. ಮಕ್ಕಳು ಇಷ್ಟು ಕಟ್ಟುನಿಟ್ಟಾಗಿ ತಮ್ಮನ್ನು ತಾವೇ ತಿದ್ದಿಕೊಂಡದ್ದನ್ನು ಆಮೇಲೆ ಇಪ್ಪತ್ತು ವರ್ಷ ಪಾಠ ಮಾಡಿಯೂ ನಾನು ಕಂಡಿಲ್ಲ. ಮುನಿಲಕ್ಷ್ಮಿ ಎದ್ದು ನಿಂತು ಬೆರಳು ಮಡಚಿ ಮಡಚಿ ಎಣಿಸಿದಳು.

“ಒಂಬತ್ತು ಮಿಸ್.”

“ಸರಿಯಾಗಿ ನೋಡಿದ್ಯೇನಮ್ಮ?”

“ಹೂಂ ಮಿಸ್. ಐದನೇದು ಸರಿ ಅಂದ್ಕೊಂಡಿದ್ದೆ, ಈಗ ನೋಡುದ್ರೆ ತಪ್ಪು.”

ಆಮೇಲೆ ನನ್ನ ಹೆಸರು. ಏಳು ಎನ್ನಲು ಬಾಯಿ ತೆರೆದೆ. ಮುನಿಲಕ್ಷ್ಮಿಯ ಒಂಬತ್ತು ಇನ್ನೂ ಕಿವಿಯಲ್ಲಿತ್ತು. ಟೀಚರ ಮಗಳಿಗೆ ಅದಕ್ಕಿಂತ ಕಡಿಮೆಯೇ ಎಂದು ನಗಲು ಹದಿನೇಳು ಮುಖಗಳು ಕಾಯುತ್ತಿವೆ ಅನಿಸಿತು. ಸಾದಲಿಯಲ್ಲಿ ಅಮ್ಮನನ್ನು ನೋಡಿ ನಕ್ಕ, ನಾನು ಕಾಣದ ಮುಖಗಳೂ ಅಲ್ಲೇ ಬಂದು ನಿಂತವು. ಹನ್ನೆರಡೂವರೆ ದಾಟಬೇಕಿತ್ತು.

“ಇಪ್ಪತ್ತೊಂದು ಮಿಸ್.”

ಅಮ್ಮನ ಪೆನ್ನು ಒಂದು ಕ್ಷಣ ನಿಂತಿತು. ತಲೆ ಎತ್ತಲಿಲ್ಲ. ಬರೆದುಕೊಂಡಳು, ಮುಂದಿನ ಹೆಸರು ಕರೆದಳು.

ಆ ತಿಂಗಳು ನಮ್ಮ ಗೆರೆ ಅರ್ಧ ದಾಟಿತು. ಕೂದಲೆಳೆಯಷ್ಟು ದಾಟಿತು. ಸಭೆಯಲ್ಲಿ ಅಮ್ಮನ ಹೆಸರು ಹೇಳಿ ಚಪ್ಪಾಳೆ ತಟ್ಟಿಸಿದರಂತೆ. ಆಮೇಲೆ ನಾನು ಕೂಡಿ ಕಳೆದು ನೋಡಿದ್ದೆ, ಒಂದಲ್ಲ ಹತ್ತು ಸಲ: ನಾನು ಸೇರಿಸಿದ ಹದಿನಾಲ್ಕನ್ನು ಹದಿನೆಂಟು ಮಕ್ಕಳಿಗೆ ಹಂಚಿದರೆ ತಲೆಗೆ ಒಂದು ಅಂಕವೂ ಇಲ್ಲ. ಆದರೆ ಅದಿಲ್ಲದಿದ್ದರೆ ಗೆರೆ ಹನ್ನೆರಡರ ಕೆಳಗೇ ನಿಲ್ಲುತ್ತಿತ್ತು. ಅವತ್ತು ಅಮ್ಮ ಸಾದಲಿಯಿಂದ ಬೋಂಡ ಕಟ್ಟಿಸಿಕೊಂಡು ಬಂದಿದ್ದಳು. ಎಲ್ಲರಿಗೂ ಕೊಟ್ಟು, ತಾನು ತಿನ್ನಲಿಲ್ಲ, ತಲೆನೋವು ಎಂದಳು.

ಹುಳು ಎದ್ದವು. ಹೊಸ ಸೊಪ್ಪು ಹಾಕಿದ ಮೇಲೆ ಅವು ಮೇಲೇರುತ್ತವೆ, ಆಗ ಕೆಳಗಿನ ಕಸ, ಕಾಗದ ತೆಗೆಯಬಹುದು. ಓದುವ ಹಾಗಿರುವ ಹಾಳೆ ಇದ್ದರೆ ತೆಗೆದಿಡಿ ಎಂದು ಅಮ್ಮ ಹೇಳಿ ಹೋಗಿದ್ದಳು. ಎಂದೂ ತಟ್ಟೆ ತೆಗೆಯಲು ಬಾರದ ನಾನು ಅಂದು ಮೊದಲು ಕೈ ಹಾಕಿದೆ. ಅಪ್ಪನಿಗೆ ಎಷ್ಟು ಸಂತೋಷವಾಯಿತು ಎಂದರೆ, ನಮ್ಮ ಶೋಭಂಗೆ ಬುದ್ಧಿ ಬಂತು ಎಂದು ಅಜ್ಜಿಗೆ ಎರಡು ಸಲ ಹೇಳಿದ. ಹೆಚ್ಚಿನ ಹಾಳೆಗಳಲ್ಲಿ ಇಂಕು ಕದಡಿ ನೀಲಿ ಕಲೆ ಉಳಿದಿತ್ತು. ನನ್ನದು ಮಾತ್ರ ಅಂಚಿನಲ್ಲಿದ್ದು ಹೆಸರಿನ ಸಮೇತ ನೆಟ್ಟಗಿತ್ತು. ಬಿಟ್ಟ ಮೂರು ಲೆಕ್ಕಗಳ ಖಾಲಿ ಜಾಗದಲ್ಲಿ ಹಿಕ್ಕೆ ಅಂಟಿತ್ತು. ಮಡಚಿ ಲಂಗದೊಳಗೆ ಸಿಕ್ಕಿಸಿಕೊಂಡು ಹೋಗಿ ತಿಪ್ಪೆಯೊಳಗೆ ಮೊಣಕೈ ಮಟ್ಟ ಕೈ ಇಳಿಸಿ ಹೂತು ಬಂದೆ. ಓದಲು ಬರುತ್ತಿದ್ದ ನಾಲ್ಕು ಮಕ್ಕಳ ಹಾಳೆಗಳನ್ನು ಅಮ್ಮ ಕೂತು ತಿದ್ದಿದಳು.

“ನೋಡ್ರಿ, ಹೇಳಿದ್ದಕ್ಕಿಂತ ಒಂದಂಕ ಹೆಚ್ಚಿಲ್ಲ, ಒಂದಂಕ ಕಮ್ಮಿ ಇಲ್ಲ” ಎಂದು ಅಪ್ಪನಿಗೆ ತೋರಿಸಿದಳು. ನಾನು ಕೈ ತೊಳೆಯಲು ಎದ್ದು ಹೋದೆ. ಆಗಲೇ ಮೂರು ಸಲ ತೊಳೆದಿದ್ದೆ.

ಶಿಕ್ಷೆ ಬಂದದ್ದು ನಾನು ಎಣಿಸದ ಕಡೆಯಿಂದ. ಹತ್ತಕ್ಕಿಂತ ಕಡಿಮೆ ಹೇಳಿದ ಐದು ಮಕ್ಕಳಿಗೆ ದಿನಾ ಸಾಯಂಕಾಲ ವಿಶೇಷ ತರಗತಿ ಎಂದು ಅಮ್ಮ ಶುರು ಮಾಡಿದಳು. ಅಲ್ಲಿಯವರೆಗೆ ನಾಲ್ಕೂವರೆಗೆ ಬೆಲ್ಲು ಹೊಡೆದರೆ ಹತ್ತು ನಿಮಿಷದಲ್ಲಿ ಮಿಸ್ ಹೋಗಿ ಅಮ್ಮ ಬರುತ್ತಿದ್ದಳು. ಕಾಫಿ ಕಾಯಿಸಿ ಜಗಲಿಯ ಮೇಲೆ ನನ್ನ ಜಡೆ ಬಿಚ್ಚಿ ಬಾಚುತ್ತಿದ್ದಳು. ಆ ಮನೆಯಲ್ಲಿ ನನ್ನನ್ನು ಯಾರೂ ಎಬ್ಬಿಸದೆ ಕೂರಿಸಿಕೊಳ್ಳುತ್ತಿದ್ದ ಅರ್ಧ ಗಂಟೆ ಅದೊಂದೇ. ಈಗ ಅಮ್ಮ ಬರುವುದು ಆರೂವರೆ, ಒಂದೊಂದು ದಿನ ಏಳು. ಬಂದವಳು ನೇರ ಒಲೆಯ ಮುಂದೆ ಹೋಗುತ್ತಿದ್ದಳು. ಅಜ್ಜಿ ನನ್ನ ಜಡೆ ಹಾಕಲು ಬಂದರೆ ನಾನು ಎಗರಾಡುತ್ತಿದ್ದೆ. ಇಪ್ಪತ್ತೊಂದು ಬಂದ ಹುಡುಗಿಗೆ ವಿಶೇಷ ತರಗತಿ ಬೇಕು ಎಂದು ಯಾವ ಬಾಯಲ್ಲಿ ಕೇಳುವುದು? ಭಿನ್ನರಾಶಿ ಬಾರದಿರುವುದು ಒಂದು ಸಂಕಟವಾದರೆ, ಅದು ಬಾರದ ಐವರ ಮಧ್ಯೆ ಅಮ್ಮ ಕೂತಿದ್ದಾಳೆ ಎಂಬುದು ಅದಕ್ಕಿಂತ ದೊಡ್ಡ ಸಂಕಟವಾಯಿತು.

ಒಂದು ಸಾಯಂಕಾಲ ತಡೆಯಲಾರದೆ ಶಾಲೆಗೆ ಓಡಿದೆ. ಎಲ್ಲ ಹೇಳಿಬಿಡಬೇಕು ಎಂದೇ ಓಡಿದ್ದೆ. ವೆರಾಂಡದಲ್ಲಿ ಐವರೂ ಅಮ್ಮನ ಸುತ್ತ ನೆಲದ ಮೇಲೆ ಕೂತಿದ್ದರು. ಮುನಿಲಕ್ಷ್ಮಿ ಬಳಪದಲ್ಲಿ ನೆಲದ ಮೇಲೇ ಲೆಕ್ಕ ಬಿಡಿಸುತ್ತಿದ್ದಳು. ಅಮ್ಮನ ಕೈ ಅವಳ ಬೆನ್ನ ಮೇಲಿತ್ತು. ನಾನು ಕಂಬದ ಹತ್ತಿರ ನಿಂತೆ. ಅಮ್ಮ ನೋಡಿದಳು, ಕೈ ತೆಗೆದಳು.

“ಏನಮ್ಮ, ಏನ್ಬೇಕಿತ್ತು?”

ಮಿಸ್ ಎನ್ನಬೇಕೋ ಅಮ್ಮ ಎನ್ನಬೇಕೋ ತಿಳಿಯಲಿಲ್ಲ.

“ಅಜ್ಜಿ ಅಟ್ಟದ ಬೀಗದ ಕೈ ಕೇಳುದ್ರು.”

ನಮ್ಮ ಅಟ್ಟಕ್ಕೆ ಬೀಗವೇ ಇರಲಿಲ್ಲ. ಅಮ್ಮ ಒಂದು ಗಳಿಗೆ ನನ್ನನ್ನೇ ನೋಡಿದಳು. ನಾನು ಅಲ್ಲೇ ನಿಂತಿದ್ದೆ, ಒಳಗೆ ಬಾ, ಕೂತ್ಕೊ ಎನ್ನುತ್ತಾಳೆ ಎಂದು.

“ಇಲ್ಲ ಅಂತ ಹೇಳು, ಹೋಗು” ಎಂದಳು. ಮನೆಗೆ ಬರುವಾಗ ದಾರಿಯುದ್ದಕ್ಕೂ ಮುನಿಲಕ್ಷ್ಮಿಯನ್ನು ಬೈದುಕೊಂಡು ಬಂದೆ. ಅವಳು ಮಾಡಿದ ತಪ್ಪೆಂದರೆ ಒಂಬತ್ತಕ್ಕೆ ಒಂಬತ್ತು ಎಂದದ್ದು.

ವರ್ಷದ ಕೊನೆಯ ಪಬ್ಲಿಕ್ ಪರೀಕ್ಷೆಯಲ್ಲಿ ಮುನಿಲಕ್ಷ್ಮಿಗೆ ಗಣಿತದಲ್ಲಿ ಎಂಬತ್ತೆರಡು, ನನಗೆ ಮೂವತ್ತೆಂಟು. ಅಮ್ಮ ಬೈಯುತ್ತಾಳೆ ಎಂದು ಕಾದೆ. ಬೈಯಲಿಲ್ಲ, ಮುಂದಿನ ವರ್ಷ ನೋಡಣ ಎಂದಳು, ಅಷ್ಟೆ. ಅದು ನನ್ನನ್ನು ಬೈದದ್ದಕ್ಕಿಂತ ಹೆಚ್ಚು ಕಾಡಿತು. ಮುನಿಲಕ್ಷ್ಮಿ ಮದುವೆಯಾಗಿ ಕೆಂಚಾರ್ಲಹಳ್ಳಿ ಕಡೆ ಹೋದಳು. ದೊಡ್ಡ ಶೆಡ್ಡು ಹಾಕಿಸಿ ಹುಳು ಸಾಕುತ್ತಾಳೆ, ಸೊಪ್ಪಿನ ತೂಕ, ಗೂಡಿನ ಇಳುವರಿ ಎಲ್ಲ ಬಾಯಲ್ಲೇ ಲೆಕ್ಕ. ನಾನು ಕನ್ನಡ ಮೇಡಂ ಆದೆ. ಗಣಿತದಿಂದ ಎಷ್ಟು ದೂರ ಓಡಬಹುದೋ ಅಷ್ಟು ದೂರ ಓಡಿದರೂ ಸರ್ಕಾರಿ ಶಾಲೆಯಲ್ಲಿ ಅಂಕಗಳಿಂದ ತಪ್ಪಿಸಿಕೊಳ್ಳಲಾಗದು. ಈಗ ಗೋಡೆಯ ಹಾಳೆ ಹೋಗಿ ಮೊಬೈಲು ಬಂದಿದೆ. ಪರೀಕ್ಷೆ ಮುಗಿದ ಮೂರು ದಿನಕ್ಕೆ ಅಂಕ ಏರಿಸದಿದ್ದರೆ ಗ್ರೂಪಿನಲ್ಲಿ ಶಾಲೆಯ ಹೆಸರು ಕೆಂಪಗೆ ಬರುತ್ತದೆ.

ಹೋದ ಅವರೆಕಾಯಿ ಕಾಲದ ಒಂದು ಭಾನುವಾರ. ಚಿಕ್ಕಬಳ್ಳಾಪುರದ ನಮ್ಮ ಮನೆಯಲ್ಲಿ ಅಮ್ಮ ಮೊರದ ಮುಂದೆ ಕೂತು ಕಾಯಿ ಸುಲಿಯುತ್ತಿದ್ದಳು. ಅಪ್ಪ, ಅಜ್ಜಿ ಹೋಗಿ ಬಹಳ ವರ್ಷಗಳಾಗಿವೆ, ಅಮ್ಮ ನಿವೃತ್ತಳಾದ ಮೇಲೆ ನನ್ನ ಜೊತೆಗಿದ್ದಾಳೆ. ನಾನು ಹತ್ತನೆಯ ತರಗತಿಯ ಪೂರ್ವಸಿದ್ಧತಾ ಪರೀಕ್ಷೆಯ ಅಂಕ ಏರಿಸುತ್ತ ಅತ್ತ ಇತ್ತ ಓಡಾಡುತ್ತಿದ್ದೆ. ಒಂದು ಹುಡುಗಿಯ ಉತ್ತರಪತ್ರಿಕೆ ಮನೆಯೆಲ್ಲ ಹುಡುಕಿದರೂ ಸಿಗಲಿಲ್ಲ.

“ಏನ್ ಹಾಕ್ಲಮ್ಮ ಇವಳಿಗೆ?”

“ಆ ಮಗೂನೇ ಕೇಳು” ಎಂದಳು ಅಮ್ಮ, ಕಾಯಿಯಿಂದ ಕಣ್ಣು ತೆಗೆಯದೆ.

ನಾನು ಮೊಬೈಲು ಕೆಳಗಿಟ್ಟೆ. ಮೂವತ್ತೈದು ವರ್ಷ ಹೇಳದೆ ಉಳಿದದ್ದು ತಾನಾಗಿಯೇ ಬಂತು.

“ಅಮ್ಮ, ಏಳನೇ ಕ್ಲಾಸಲ್ಲಿ ನಾನು ಇಪ್ಪತ್ತೊಂದು ಅಂದಿದ್ನಲ್ಲ, ಸುಳ್ಳು. ಏಳು ಬರ್ತಿತ್ತು ಅಷ್ಟೆ.”

“ಆರು.”

ನನಗೆ ಅರ್ಥವಾಗಲಿಲ್ಲ. ಅಮ್ಮ ಇನ್ನೊಂದು ಕಾಯಿ ಸುಲಿದಳು.

“ಪರೀಕ್ಷೆ ಮುಗ್ದ ತಕ್ಷಣ ಶಾಲೇಲೇ ಮೊದ್ಲು ನಿಂದೇ ತೆಗ್ದು ನೋಡ್ದೆ. ಯಾವ ತಾಯಿ ನೋಡಲ್ಲ ಹೇಳು? ಕೆಂಪು ಪೆನ್ನು ಮುಟ್ಟಿಸ್ದೆ ಮತ್ತೆ ಕಟ್ಟಿನೊಳಗೆ ಸೇರಿಸ್ಬಿಟ್ಟೆ. ನಾಲ್ಕನೇ ಲೆಕ್ಕಕ್ಕೆ ನೀನು ಒಂದಂಕ ಹಾಕ್ಕೊಂಡಿರ್ತೀಯ. ಅದ್ರ ದಾರಿನೂ ತಪ್ಪು.”

“ಗೊತ್ತಿತ್ತಾ? ಗೊತ್ತಿದ್ದೂ ಬರ್ಕೊಂಡ್ಯಾ?”

“ನೀನು ಆರು ಅಂತೀಯ ಅಂತ್ಲೇ ಪೆನ್ನು ಹಿಡ್ಕೊಂಡು ಕಾಯ್ತಿದ್ದೆ. ಇಪ್ಪತ್ತೊಂದು ಅಂದೆ. ಆ ಇಪ್ಪತ್ತೊಂದು ನಂಗೂ ಬೇಕಾಗಿತ್ತು ಕಣೇ.”

ಸಿಟ್ಟು ಬಂತು. ಐವತ್ತರ ಹತ್ತಿರದ ಹೆಂಗಸು ನಾನು, ಹನ್ನೆರಡರ ಹುಡುಗಿಯ ಹಾಗೆ ಜಗಳಕ್ಕೆ ನಿಂತೆ.

“ಅದಕ್ಕೇನಾ ಮತ್ತೆ ನನ್ನೊಬ್ಳನ್ನ ವಿಶೇಷ ತರಗತಿಗೆ ಕರೀದೆ ಹೋಗಿದ್ದು? ವೆರಾಂಡದವರೆಗೂ ಬಂದಿದ್ದೆ ನಾನು. ಏಳು ಗಂಟೆವರೆಗೂ ನೀನು ಅವರ ಜೊತೆ ಕೂತಿರ್ತಿದ್ದೆ, ನಂಗೆ ಶಿಕ್ಷೆ ಅಂತ.”

ಅಮ್ಮನ ಕೈ ಮೊರದ ಮೇಲೆ ನಿಂತಿತು.

“ಮಕ್ಳು ಐದೂವರೆಗೇ ಹೊರಟೋಗ್ತಿದ್ರು ಶೋಭ. ಆಮೇಲೆ ನಾನೊಬ್ಳೇ ಕೂತಿರ್ತಿದ್ದೆ. ಮನೆಗೆ ಬಂದ್ರೆ ನಿನ್ನ ಮುಖ ನೋಡ್ಬೇಕಿತ್ತಲ್ಲ.”